ಅಳಿಯನ ಗೋಧಿ ವ್ರತ

ಹೆಸರು ಗೊತ್ತಿದ್ದರೆ ವಸ್ತುವೂ ಗೊತ್ತಿದ್ದ ಹಾಗೆಯೇ ಎಂಬ ನಂಬಿಕೆಯ ಮೇಲೆ ನಮ್ಮಲ್ಲಿ ಎಷ್ಟೋ ಗಂಡಸರು ಬಹಳ ನೆಮ್ಮದಿಯಿಂದ ಬದುಕುತ್ತಿದ್ದಾರೆ. ನನ್ನ ಚಿಕ್ಕಪ್ಪನವರೊಬ್ಬರಿಗೆ ರಾಗಗಳ ಹೆಸರೆಲ್ಲ ಬಾಯಿಪಾಠ. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಗಾಯಕರು ಬಾಯಿ ತೆರೆಯುವ ಮೊದಲೇ ಪಕ್ಕದವರ ಕಿವಿಯಲ್ಲಿ ‘ಶಂಕರಾಭರಣ’ ಅನ್ನುತ್ತಾರೆ. ಆಮೇಲೆ ಗಾಯಕರು ಏನೇ ಹಾಡಲಿ, ಅದಕ್ಕೆ ಚಿಕ್ಕಪ್ಪ ಜವಾಬ್ದಾರರಲ್ಲ. ಅವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹಾಗೆ ನಗುವಾಗ ನನಗಿನ್ನೂ ಮದುವೆಯಾಗಿರಲಿಲ್ಲ, ಮಾವನವರ ಮೋಟಾರ್‌ಸೈಕಲ್ಲು ನನ್ನ ಕೈಗೆ ಬಂದಿರಲಿಲ್ಲ.

ನನ್ನ ನೌಕರಿ ಒಂದು ವಿಮಾ ಕಂಪನಿಯಲ್ಲಿ. ಅರವತ್ತರ ದಶಕದಲ್ಲಿ ಮೈಸೂರಿನಿಂದ ಅಹಮದಾಬಾದಿಗೆ ವರ್ಗ ಮಾಡಿ ಮೋಟಾರು ವಿಭಾಗದಲ್ಲಿ ಕೂರಿಸಿದರು. ಊರಿನಲ್ಲಿ ಯಾವ ಲಾರಿ ಯಾವ ಒಂಟೆಗಾಡಿಗೆ ಗುದ್ದಿದರೂ ಅದರ ಕಾಗದ ನನ್ನ ಮೇಜಿಗೆ ಬರುತ್ತಿತ್ತು. ಪಿಸ್ಟನ್ ಬಿರುಕು ಬಿಟ್ಟಿದೆ, ಕ್ರ್ಯಾಂಕ್ ಬಾಗಿದೆ, ಗಜನ್ ಪಿನ್ ಸವೆದಿದೆ ಎಂದು ಸರ್ವೇಯರು ಬರೆದದ್ದನ್ನು ಓದಿ, ತಲೆದೂಗಿ, ರುಜು ಹಾಕುವುದು ನನ್ನ ಕೆಲಸ. ಮದುವೆಯ ಕರೆಯೋಲೆಯ ಕೆಳಗೆ ಅಚ್ಚಾಗಿರುವ ದೂರದ ನೆಂಟರಂತೆ ಈ ಭಾಗಗಳೆಲ್ಲ ನನಗೆ ಹೆಸರಿನಿಂದ ಪರಿಚಯ, ಒಂದರ ಮುಖವನ್ನೂ ನೋಡಿದವನಲ್ಲ. ಆದರೂ ಮನೆಗೆ ಬಂದವರ ಮುಂದೆ ನಾನು ಗಜನ್ ಪಿನ್ ಎಂದು ಹೇಳುತ್ತಿದ್ದ ಧಾಟಿ ಕೇಳಿದರೆ ಆ ಪಿನ್ನು ನನ್ನ ಜೇಬಿನಲ್ಲೇ ಇದೆಯೇನೋ ಅನ್ನಿಸಬೇಕು. ನನ್ನ ಹೆಂಡತಿ ರತ್ನ ಮೊದಮೊದಲು ಇದನ್ನೆಲ್ಲ ಮೆಚ್ಚುಗೆಯಿಂದ ಕೇಳುತ್ತಿದ್ದಳು. ಹೊಸದಾಗಿ ಮದುವೆಯಾದವರು ಏನನ್ನು ಬೇಕಾದರೂ ಮೆಚ್ಚುತ್ತಾರೆ.

ಮಾವನವರು, ಅಂದರೆ ರತ್ನಳ ತಂದೆ, ಮಂಡ್ಯದ ಕಡೆ ನಾಲೆಯ ಕೆಲಸದಲ್ಲಿ ಓವರ್‌ಸೀಯರ್ ಆಗಿದ್ದು ನಿವೃತ್ತರಾದವರು. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ್ದ ಇಂಗ್ಲೆಂಡಿನ ಮೋಟಾರ್‌ಸೈಕಲ್ಲೊಂದನ್ನು ತಂದು, ಅದರ ಮೇಲೆ ನಾಲೆಯ ಏರಿಯುದ್ದಕ್ಕೂ ಓಡಾಡಿದವರು. ಮಂಡಿನೋವು ಬಂದು ಕಿಕ್ಕು ಹೊಡೆಯಲಾಗದೆ ಹೋದಾಗ ಅದನ್ನು ಮಾರಲು ಮನಸ್ಸು ಬರಲಿಲ್ಲ. ಮಗಳನ್ನು ಕೊಟ್ಟವನಿಗೆ ಗಾಡಿಯನ್ನೂ ಕೊಟ್ಟುಬಿಟ್ಟರು. ಗೋಣಿಚೀಲ, ಹುಲ್ಲು ಸುತ್ತಿ ರೈಲಿನಲ್ಲಿ ಕಳಿಸಿದ ಅದು ಅಹಮದಾಬಾದಿಗೆ ಬಂದಿಳಿದಾಗ ಬಾಣಂತಿಯ ಹಾಗೆ ಕಾಣುತ್ತಿತ್ತು. ಮಾವನವರ ಕಾಗದಗಳಲ್ಲಿ ಮೊದಲ ಸಾಲು ‘ಗಾಡಿ ಸೌಖ್ಯವೇ’ ಎಂದಿರುತ್ತಿತ್ತು. ರತ್ನಳ ಸೌಖ್ಯ ಎರಡನೆಯ ಸಾಲಿನಲ್ಲಿ ಬರುತ್ತಿತ್ತು. ನನ್ನ ಸೌಖ್ಯವನ್ನು ಅವರು ಒಟ್ಟಾರೆ ಊಹಿಸಿಕೊಳ್ಳುತ್ತಿದ್ದರು ಅನ್ನಿಸುತ್ತದೆ. ಒಂದು ಮಾತನ್ನಂತೂ ಅವರು ಗಾಡಿ ಕೊಡುವಾಗಲೇ ಹೇಳಿದ್ದರು: ‘ಎಣ್ಣೆ ಹಾಕಿ, ಒರೆಸಿ, ಓಡಿಸಿ. ಎಂಜಿನ್ ಮಾತ್ರ ಯಾರೂ ಬಿಚ್ಚಬಾರದು. ಅದನ್ನು ಮುಟ್ಟಿದೋನು ನಾನೊಬ್ಬನೇ.’

ನಾವಿದ್ದದ್ದು ಮಣಿನಗರದಲ್ಲಿ, ಸ್ಟೇಷನ್ನಿನ ರೈಲಿನ ಕೂಗು ಕೇಳುವಷ್ಟು ಹತ್ತಿರದ ಒಂದು ಸೊಸೈಟಿಯಲ್ಲಿ, ಅಂದರೆ ಒಂದೇ ಕಾಂಪೌಂಡಿನ ಮನೆಗಳ ಗುಂಪಿನಲ್ಲಿ. ಮನೆಯೊಡೆಯರಾದ ರಸಿಕಭಾಯಿ ಬಟ್ಟೆಯ ದಲಾಲರು, ಮಹಡಿಯ ಮೇಲೆ ಇದ್ದರು. ಎಂದಾದರೂ ಕಾರು ಕೊಂಡೇ ಕೊಳ್ಳುತ್ತೇನೆಂದು ಮನೆಯ ಜೊತೆಗೆ ಒಂದು ಗ್ಯಾರೇಜನ್ನೂ ಕಟ್ಟಿಸಿಬಿಟ್ಟಿದ್ದರು. ಕಾರು ಬರಲಿಲ್ಲ. ಗ್ಯಾರೇಜಿನಲ್ಲಿ ಹಾಸಿಗೆಯ ಸುರುಳಿ, ಉಪ್ಪಿನಕಾಯಿ ಜಾಡಿ, ಹಳೇ ಪಂಚಾಂಗ ಬಂದವು. ಅದರ ಒಂದು ಮೂಲೆಯನ್ನು ನನ್ನ ಗಾಡಿಗೆ ಬಿಟ್ಟುಕೊಟ್ಟದ್ದು ಅವರ ಪತ್ನಿ ಕಮಳಾಬೆನ್. ‘ನಿಮ್ಮ ಎಣ್ಣೆಜಿಡ್ಡು ನನ್ನ ದವಸದ ಹತ್ತಿರ ಸುಳಿಯಬಾರದು’ ಎಂಬ ಒಂದೇ ಷರತ್ತು. ದಪ್ಪ ಬಳೆಗಳ, ದೊಡ್ಡ ದನಿಯ ಹೆಂಗಸು. ರಸಿಕಭಾಯಿಯವರು ಅವರ ಮುಂದೆ ಕೆಮ್ಮುವುದಕ್ಕೂ ಸಮಯ ನೋಡುತ್ತಿದ್ದರು. ಆದರೆ ಭಾಷೆ ಬಾರದ ಊರಿನಲ್ಲಿ ದಿನವಿಡೀ ಗೋಡೆ ನೋಡುತ್ತಾ ಕೂತಿರುತ್ತಿದ್ದ ರತ್ನಳನ್ನು ಕೈಹಿಡಿದು ಮೇಲೆ ಕರೆದುಕೊಂಡು ಹೋಗಿ ರೊಟ್ಲಿ ಲಟ್ಟಿಸಲು ಕಲಿಸಿದವರೂ ಅವರೇ. ಒಂದೇ ಕೊರತೆ: ನಮ್ಮ ಮನೆಯದು ಎಂದು ಅವರು ಏನನ್ನೂ ಮುಟ್ಟುತ್ತಿರಲಿಲ್ಲ. ಸಾರು ಹುಳಿ, ಗೊಜ್ಜು ಖಾರ, ತೆಂಗಿನೆಣ್ಣೆ ವಾಸನೆ. ರತ್ನಳಿಗೆ ಇದೊಂದು ಕೊರಗಾಗಿತ್ತು.

ಹೀಗಿರುವಾಗ ಮಾವನವರು ಬೇಸಿಗೆಯಲ್ಲಿ ಬರುವುದಾಗಿ ಬರೆದರು. ಸ್ಟೇಷನ್ನಿನಿಂದ ಮನೆಗೆ ಗಾಡಿಯ ಮೇಲೇ ಬರುತ್ತೇನೆ, ಹಿಂದೆ ಕೂತು ಅದರ ಸದ್ದು ಕೇಳಬೇಕು ಅಂತ ಆಸೆ ಎಂದೂ ಬರೆದಿದ್ದರು. ನಾನು ಸಂತೋಷವಾಗಿಯೇ ಇದ್ದೆ. ನನ್ನ ನೆಮ್ಮದಿ ಕೆಡಿಸಿದವರು ಆಫೀಸಿನ ಭಟ್ಟರು. ಇವರು ನಮ್ಮ ಭಟ್ಟರಲ್ಲ, ಗುಜರಾತಿ ಭಟ್ಟರು. ಒಂದು ಸಂಜೆ ನನ್ನ ಹಿಂದೆ ಕೂತು ಕಾಂಕರಿಯಾ ಕೆರೆಯವರೆಗೆ ಬಂದವರು ಇಳಿದು, ತಲೆ ವಾರೆ ಮಾಡಿ, ‘ಟಿಕ್ ಟಿಕ್ ಅಂತಿದೆಯಲ್ಲ, ವಾಲ್ವು’ ಅಂದರು. ಆವರೆಗೆ ನನಗೆ ಯಾವ ಟಿಕ್ಕೂ ಕೇಳಿಸಿರಲಿಲ್ಲ. ಅವರು ಹೇಳಿದ ಗಳಿಗೆಯಿಂದ ಬೇರೇನೂ ಕೇಳಿಸದಂತಾಯಿತು. ಆಫೀಸಿನಲ್ಲಿ ಫ್ಯಾನು ತಿರುಗಿದರೂ ಟಿಕ್, ಮನೆಯಲ್ಲಿ ರತ್ನ ವೀಳ್ಯದೆಲೆಯ ತೊಟ್ಟು ಮುರಿದರೂ ಟಿಕ್. ಮಾವನವರ ಕಿವಿಗೆ ಇದು ಬಿದ್ದರೆ ನನ್ನ ಮಾನ ಉಳಿಯುವುದುಂಟೆ? ಗಾಡಿಯನ್ನು ಹೊಸದರ ಹಾಗೆ ಮಾಡಿ ಅವರನ್ನು ಬೆರಗುಗೊಳಿಸಬೇಕು ಎಂದು ತೀರ್ಮಾನಿಸಿದೆ. ಬಿಚ್ಚಬಾರದು ಎಂದಿದ್ದಾರಲ್ಲ ಅಂದಳು ರತ್ನ. ಬಿಚ್ಚಿದ್ದು ಗೊತ್ತಾದರೆ ತಾನೇ ಎಂದೆ.

ಬಿಚ್ಚಿದೆ. ಅಷ್ಟು ವರ್ಷ ಕಾಗದದ ಮೇಲೆ ಕಂಡ ನೆಂಟರೆಲ್ಲ ಒಬ್ಬೊಬ್ಬರಾಗಿ ಕೈಗೆ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ‘ಓ, ನೀನೇ ಏನಪ್ಪಾ ಗಜನ್ ಪಿನ್ನು’ ಎಂದು ಮಾತಾಡಿಸುವುದೊಂದು ಬಾಕಿ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟೆ. ತೀರ ಸಣ್ಣವು ನಾಲ್ಕಿದ್ದವು, ಕಾಟರ್ ಅಂತ ಅವುಗಳ ಹೆಸರು. ಎಂಜಿನ್ನಿನಲ್ಲಿರುವ ಎರಡು ವಾಲ್ವುಗಳನ್ನು ಸ್ಪ್ರಿಂಗಿನಿಂದ ಜಾರದಂತೆ ಹಿಡಿದಿರುವುದು ಇವೇ, ಒಂದೊಂದಕ್ಕೆ ಎರಡೆರಡು. ಗಾತ್ರದಲ್ಲಿ ಗೋಧಿಕಾಳಿಗಿಂತ ಒಂದು ಕೂದಲು ದಪ್ಪ ಇದ್ದಾವು. ಇವು ಇಲ್ಲದಿದ್ದರೆ ಉಳಿದ ಎಂಜಿನ್ನೆಲ್ಲ ಗುಜರಿಗೆ ಸಮ. ಕಳೆದುಹೋಗಬಾರದೆಂಬ ಮುಂದಾಲೋಚನೆಯಿಂದ ಅವುಗಳನ್ನು ರತ್ನಳ ಕಂಚಿನ ಬೋಗುಣಿಯಲ್ಲಿ ಹಾಕಿ, ಮುಳುಗುವಷ್ಟು ಹರಳೆಣ್ಣೆ ಸುರಿದು, ಮೇಲೆ ತಟ್ಟೆ ಮುಚ್ಚಿದೆ. ಹರಳೆಣ್ಣೆಯೇ ಯಾಕೆ ಎಂದು ಕೇಳಬಹುದು. ಪಂದ್ಯದ ಮೋಟಾರ್‌ಸೈಕಲ್ಲುಗಳಿಗೆ ಹರಳೆಣ್ಣೆಯನ್ನೇ ಬಳಸುತ್ತಾರೆಂದು ಭಟ್ಟರು ಹೇಳಿದ್ದರು. ನನಗೂ ಅದು ಸರಿಯೆನಿಸಿತು. ಚಿಕ್ಕಂದಿನಲ್ಲಿ ನಮ್ಮಮ್ಮ ಭಾನುವಾರದ ಬೆಳಿಗ್ಗೆ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ ನನ್ನೊಳಗೆ ಮಾಡುತ್ತಿದ್ದ ಕೆಲಸ ನೆನೆಸಿಕೊಂಡರೆ, ಕಬ್ಬಿಣದ ತುಕ್ಕು ಅದಕ್ಕೊಂದು ಲೆಕ್ಕವೇ ಅಲ್ಲ.

ಈಗ ಗುಜರಾತಿನ ಒಂದು ಪದ್ಧತಿ ಹೇಳಬೇಕು. ಅಲ್ಲಿನ ಸಂಸಾರಗಳು ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಗೋಧಿಯನ್ನು ಒಂದೇ ಸಲ ತರುತ್ತಾರೆ. ಆರಿಸಿ, ಹುಳು ಹಿಡಿಯದಿರಲೆಂದು ಅದಕ್ಕೆ ಹರಳೆಣ್ಣೆ ಸವರುತ್ತಾರೆ. ಆಮೇಲೆ ಕೋಠಿಯಲ್ಲಿ ತುಂಬಿ ಮುಚ್ಚುತ್ತಾರೆ. ಕೋಠಿ ಎಂದರೆ ಎದೆಮಟ್ಟದ ತಗಡಿನ ಡ್ರಮ್ಮು. ಆ ದಿನ ನಾನು ಆಫೀಸಿನಿಂದ ಬಂದಾಗ ರತ್ನಳ ಮುಖ ಹಬ್ಬದ ದಿನದಂತಿತ್ತು. ಕಮಳಾಬೆನ್ ಅವರ ಗೋಧಿ ಬಂದಿತಂತೆ. ಮೇಲೆ ಬಿಸಿಲು ಅಂತ ಗ್ಯಾರೇಜಿನಲ್ಲೇ ರಾಶಿ ಹಾಕಿದರಂತೆ. ಅರ್ಧ ಸವರುವಷ್ಟರಲ್ಲಿ ಅವರ ಎಣ್ಣೆ ಮುಗಿಯಿತಂತೆ.

‘ಅವರಾಗೇ ಕೇಳಿದ್ರು ರೀ, ರತ್ನಾಬೆನ್ ನಿಮ್ಮನೇಲಿ ದಿವೇಲ್ ಇದೆಯಾ ಅಂತ. ದಿವೇಲ್ ಅಂದ್ರೆ ಹರಳೆಣ್ಣೆ. ಇಷ್ಟು ದಿನದಲ್ಲಿ ನಮ್ಮನೇದು ಅಂತ ಇಸ್ಕೊಂಡಿದ್ದು ಇದೇ ಮೊದಲು. ಹಲಗೆ ಮೇಲೆ ಬೋಗುಣಿ ಇತ್ತಲ್ಲ, ಹಾಗೇ ಎತ್ಕೊಟ್ಟೆ.’

ಬೋಗುಣಿಯ ತಳ ನೋಡಿದೆಯಾ ಎಂದು ಕೇಳಿದೆ. ತಳ ಯಾಕೆ ನೋಡಬೇಕು, ಕಮಳಾಬೆನ್ ಪೂರ್ತಿ ರಾಶಿಯ ಮೇಲೆ ಸುರಿದು ಎರಡೂ ಕೈಯಿಂದ ಕಲಸಿಬಿಟ್ಟರು, ಬೋಗುಣಿಯನ್ನು ತಾನೇ ಬೆಳಗಿಟ್ಟೆ ಎಂದಳು. ಮಾವನವರ ಗಾಡಿಯ ಪ್ರಾಣ ಹೀಗೆ ಕಮಳಾಬೆನ್ ಅವರ ಕೋಠಿಯೊಳಗೆ ಸೇರಿಕೊಂಡಿತ್ತು. ಮಾವನವರು ಬರುವುದು ಮುಂದಿನ ವಾರ.

ಅಂಗಡಿಯಲ್ಲಿ ತರಬಾರದಿತ್ತೇ ಎನ್ನುತ್ತೀರಿ. ಸೈನ್ಯದವರು ಬಿಟ್ಟುಹೋದ ಗಾಡಿಯ ಬಿಡಿಭಾಗ ಅಹಮದಾಬಾದಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ನದಿಯ ದಂಡೆಯ ಭಾನುವಾರದ ಗುಜರಿ ಬಜಾರಿನಲ್ಲಿ ಒಬ್ಬ ಹುಡುಕುತ್ತೇನೆ ಎಂದು ಹೇಳಿ ನನಗೊಂದು ಗೋಡೆ ಗಡಿಯಾರ ಮಾರಲು ನೋಡಿದ. ಕಡೆಗೆ ಮಿಲ್ಲುಗಳ ಹತ್ತಿರದ ಒಂದು ಲೇತ್ ಅಂಗಡಿಗೆ ಹೋದೆ. ಅಂಗಡಿಯವನು ಮಾಡಿಕೊಡಬಲ್ಲೆ, ಮಾದರಿಗೆ ಒಂದು ತನ್ನಿ ಎಂದ. ಒಂದು ಇದ್ದಿದ್ದರೆ ನಾನು ಅವನ ಹತ್ತಿರ ಯಾಕೆ ಹೋಗುತ್ತಿದ್ದೆ?

ಕಮಳಾಬೆನ್ ಅವರಿಗೆ ನಿಜ ಹೇಳಿಬಿಡೋಣ ಎಂದರೆ ರತ್ನ ಕಣ್ಣಲ್ಲಿ ನೀರು ತಂದುಕೊಂಡಳು. ‘ದಮ್ಮಯ್ಯ ಅಂತೀನಿ, ಹೇಳ್ಬೇಡಿ. ಮೊದಲನೇ ಸಲ ಕೊಟ್ಟ ಪದಾರ್ಥದಲ್ಲೇ ಕಬ್ಬಿಣ ಹಾಕಿ ಕೊಟ್ಟೆ ಅಂತ ಗೊತ್ತಾದ್ರೆ ನಾನು ಯಾವ ಮುಖ ಇಟ್ಕೊಂಡು ಮೇಲೆ ಹೋಗ್ಲಿ?’ ಅವಳಿಗೆ ಈ ಊರಿನಲ್ಲಿ ಇದ್ದದ್ದು ಅದೊಂದೇ ಬಾಗಿಲು. ನಾನೇನೋ ಉಪಾಯ ಮಾಡುತ್ತೇನೆ ಎಂದು ಧೈರ್ಯ ಹೇಳಿ, ಯಾವ ಉಪಾಯವೂ ಇಲ್ಲದೆ ಮಹಡಿ ಹತ್ತಿದೆ.

ಕಮಳಾಬೆನ್ ತೂಗುಮಂಚದ ಮೇಲೆ ಕೂತು ಮಾವಿನಕಾಯಿ ತುರಿಯುತ್ತಿದ್ದರು. ಕೋಠಿಯ ಗೋಧಿಯನ್ನು ಒಮ್ಮೆ ಹೊರಗೆ ತೆಗೆದು ನಾನು ಆರಿಸಬೇಕಾಗಿದೆ ಎಂದೆ. ಅವರ ಕೈ ನಿಂತಿತು. ಯಾಕೆ ಎಂದು ಕೇಳಿದರು. ಸುಳ್ಳು ಕ್ಲೇಮು ಬರೆಯುವವರನ್ನು ದಿನಾ ನೋಡಿ ನೋಡಿ ನನಗೆ ಒಂದು ವಿಷಯ ತಿಳಿದಿತ್ತು: ಸಣ್ಣ ಸುಳ್ಳು ಸಿಕ್ಕಿಬೀಳುತ್ತದೆ, ದೊಡ್ಡದನ್ನು ಪ್ರಶ್ನಿಸಲು ಜನ ಹಿಂಜರಿಯುತ್ತಾರೆ. ನನ್ನ ಹರುಕು ಹಿಂದಿಯಲ್ಲಿ ಹೇಳತೊಡಗಿದೆ. ನಮ್ಮ ಕಡೆ ಮಾವನವರು ಮೊದಲ ಸಲ ಅಳಿಯನ ಮನೆಗೆ ಬರುವ ಮುಂಚೆ, ಅಳಿಯ ವರ್ಷದ ಧಾನ್ಯವನ್ನು ಕಾಳು ಕಾಳು ನೋಡಿ ತನ್ನ ಕೈಯಾರೆ ಶುದ್ಧಮಾಡಬೇಕು, ಅದೊಂದು ವ್ರತ, ಮಾವನವರ ಆಯುಸ್ಸಿಗೋಸ್ಕರ ಎಂದೆ. ಹಾಗಿದ್ದರೆ ನಿಮ್ಮ ಮನೆಯ ಗೋಧಿ ಆರಿಸಿ ಎಂದರು. ನಾವು ನಿಮ್ಮ ಸೂರಿನ ಕೆಳಗಿರುವವರು, ಮನೆಯ ಮೊದಲ ಧಾನ್ಯ ನಿಮ್ಮದೇ, ನಮ್ಮದಲ್ಲ ಎಂದೆ. ಅದೆಲ್ಲಿಂದ ಹೊಳೆಯಿತೋ ಆ ಭಗವಂತನಿಗೇ ಗೊತ್ತು. ಕಮಳಾಬೆನ್ ಅವರ ಕಣ್ಣು ತೇವವಾಯಿತು. ಸೆರಗು ಹೊದ್ದು ದೇವರ ಗೂಡಿನ ಕಡೆ ತಿರುಗಿ ಕೈಮುಗಿದರು. ಮಾವನಿಗಾಗಿ ಅಳಿಯ ವ್ರತ ಮಾಡುವ ದೇಶವೂ ಉಂಟೆ ಎಂದು ಅವರು ಕೇಳಿದ್ದಕ್ಕೆ ಒಳಗೆ ಕೂತಿದ್ದ ರಸಿಕಭಾಯಿ ಜೋರಾಗಿ ಕೆಮ್ಮಿದರು.

ಮರುದಿನ ಸಂಜೆ ಆಫೀಸಿನಿಂದ ಬಂದು ಗ್ಯಾರೇಜಿನಲ್ಲಿ ಗೋಧಿ ರಾಶಿಯ ಮುಂದೆ ತಟ್ಟೆ ಇಟ್ಟುಕೊಂಡು ಕೂತಾಗ ಇಡೀ ಸೊಸೈಟಿಯ ಹೆಂಗಸರು ಬಂದು ನಿಂತಿದ್ದರು. ಒಬ್ಬರು ನನ್ನ ಹಣೆಗೆ ತಿಲಕ ಇಟ್ಟರು. ಇನ್ನೊಬ್ಬರು ಏನೋ ಹಾಡು ಶುರುಮಾಡಿದರು. ವ್ರತವೆಂದ ಮೇಲೆ ನಿಯಮಗಳಿರಬೇಕಲ್ಲ, ಒಂದೊಂದಾಗಿ ವಿಚಾರಿಸತೊಡಗಿದರು. ಏನು ತಿನ್ನಬಹುದು? ಅವಸರದಲ್ಲಿ ಬಾಳೆಹಣ್ಣು, ಹಾಲು ಎಂದುಬಿಟ್ಟೆ. ಅವರಲ್ಲೊಬ್ಬರು ರತ್ನಳ ಕಡೆ ತಿರುಗಿ ಚಹಾ ಕುಡಿಯಬಹುದೋ ಎಂದು ಕೇಳಿದರು. ಚಹಾಕ್ಕೆ ಅಡ್ಡಿಯಿಲ್ಲ, ಕಾಫಿ ಕೂಡದು ಎಂದಳು ರತ್ನ, ನನ್ನ ಮುಖವನ್ನು ನೋಡದೆ. ಊರಿನಿಂದ ಪಾರ್ಸೆಲ್ಲಿನಲ್ಲಿ ಬರುವ ಕಾಫಿಪುಡಿಯೊಂದರ ಆಧಾರದ ಮೇಲೆ ನಾನು ಆ ಊರಿನಲ್ಲಿ ಜೀವ ಹಿಡಿದುಕೊಂಡಿದ್ದೆ. ದಿನವೂ ಅವಳು ಒಳಗೆ ಕೂತು ನನ್ನ ಪಾಲನ್ನೂ ಸೇರಿಸಿ ಕುಡಿಯುವ ಘಮ ಗ್ಯಾರೇಜಿಗೆ ಬರುತ್ತಿತ್ತು. ಬೋಗುಣಿ ಎತ್ತಿಕೊಟ್ಟವಳು ಅವಳು, ಶಿಕ್ಷೆ ನನಗೆ. ಇದನ್ನು ಹೇಳಿಕೊಂಡಾಗ, ಹರಳೆಣ್ಣೆ ಸುರಿದವರು ಯಾರೋ ಎಂದು ಕೇಳಿದಳು.

ಎಣ್ಣೆ ಹತ್ತಿದ ಗೋಧಿಯಲ್ಲಿ ಎಣ್ಣೆ ಹತ್ತಿದ ಕಾಟರ್ ಹುಡುಕುವುದು ಏನು ಸಾಮಾನ್ಯ ಕೆಲಸ ಎಂದುಕೊಂಡಿರಾ? ಜರಡಿಯಲ್ಲಿ ಎರಡೂ ಒಟ್ಟಿಗೇ ಇಳಿಯುತ್ತವೆ. ಮೊರದಲ್ಲಿ ಕೇರೋಣವೆಂದರೆ ಎಲ್ಲ ಅಂಟಿಕೊಂಡು ಮುದ್ದೆ. ಬೆರಳಿನಿಂದ ಒಂದೊಂದಾಗಿ ಸರಿಸುತ್ತಾ ಹೋಗಬೇಕು. ಹೆಂಗಸರು ನೆರವಿಗೆ ಬಂದರೆ, ವ್ರತ ಕೆಡುತ್ತದೆ ಎಂದು ತಡೆಯಬೇಕು. ಈ ನಡುವೆ ಸೊಸೈಟಿಯ ಗಂಡಸರು ನನ್ನೊಡನೆ ಮಾತು ಬಿಟ್ಟರು. ಮದ್ರಾಸಿ ಅಳಿಯನನ್ನು ನೋಡಿ ಕಲಿಯಿರಿ ಎಂದು ಮನೆಮನೆಯಲ್ಲೂ ಉಪದೇಶ ನಡೆದಿತ್ತು. ನಾನು ಮೈಸೂರಿನವನು ಎಂದು ಎಷ್ಟು ಹೇಳಿದರೂ ಆ ಊರಿನಲ್ಲಿ ನಾನು ಮದ್ರಾಸಿಯೇ. ಅಷ್ಟರಲ್ಲಿ ರಸಿಕಭಾಯಿಯವರ ಅಳಿಯ ಮುಕುಂದ ಸೂರತ್ತಿನಿಂದ ಬಂದಿಳಿದ. ಜರಿ ವ್ಯಾಪಾರದ ಮನೆಯ ಹುಡುಗ, ಬೇಸಿಗೆಯಲ್ಲಿ ಅತ್ತೆಮನೆಗೆ ಬಂದು ಮಾವಿನ ರಸ, ಪೂರಿ ತಿಂದು ಮಲಗುವುದು ಆ ಕಡೆಯ ಅಳಿಯಂದಿರ ಹಕ್ಕು. ಅವನನ್ನು ಬಂದ ದಿನವೇ ಗ್ಯಾರೇಜಿಗೆ ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿ ಕೈಗೊಂದು ತಟ್ಟೆ ಕೊಟ್ಟರು. ಅಳಿಯನಾದ್ದರಿಂದ ಅವನನ್ನು ತಡೆಯಲು ನನ್ನ ನಿಯಮದಲ್ಲಿ ಆಸ್ಪದವಿರಲಿಲ್ಲ. ಸ್ವಲ್ಪ ಹೊತ್ತು ಕಾಳು ಸರಿಸಿದವನು, ಹೆಂಗಸರು ಅತ್ತ ತಿರುಗಿದಾಗ ಹಲ್ಲು ಕಚ್ಚಿ ಕೇಳಿದ: ‘ಸಚ್ ಬೋಲೊ ಭಾಯ್, ಯೇ ಕೌನ್ ಸೇ ಶಾಸ್ತ್ರ ಮೇ ಲಿಖಾ ಹೈ?’ ಯಾವ ಶಾಸ್ತ್ರದಲ್ಲೂ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಮೂರು ಕಾಟರ್ ಸಿಕ್ಕವು. ಒಂದೊಂದು ಬೆರಳಿಗೆ ತಾಕಿದಾಗಲೂ ಕೆಮ್ಮಿದಂತೆ ಮಾಡಿ ಜೇಬಿಗೆ ಇಳಿಸುತ್ತಿದ್ದೆ. ನಾಲ್ಕನೆಯದು ಸಿಗಲಿಲ್ಲ. ಮಾವನವರು ಬರುವ ಹಿಂದಿನ ಸಂಜೆ, ರಾಶಿ ಮುಗಿಯುತ್ತಾ ಬಂದಿತ್ತು, ನನ್ನ ಧೈರ್ಯವೂ ಮುಗಿಯುತ್ತಾ ಬಂದಿತ್ತು, ಆಗ ಕಮಳಾಬೆನ್ ‘ಅರೇ’ ಎಂದು ಬಗ್ಗಿ ನನ್ನ ತಟ್ಟೆಯ ಅಂಚಿನಿಂದ ಏನನ್ನೋ ಎತ್ತಿಕೊಂಡರು. ದೀಪಕ್ಕೆ ಹಿಡಿದು ನೋಡಿದರು. ಸಣ್ಣಗೆ, ಮಿರಿಮಿರಿ ಹೊಳೆಯುತ್ತಿತ್ತು. ಕೈಚಾಚಿ ಕೊಡಿ ಎನ್ನುವಷ್ಟರಲ್ಲಿ ಅವರು ಅದನ್ನು ಕಣ್ಣಿಗೊತ್ತಿಕೊಂಡಿದ್ದರು. ಅಂಗಡಿಯ ಗೋಧಿಯಲ್ಲಿ ಇಂಥದ್ದು ಬರುವುದುಂಟೆ, ಇದು ಶುಭಶಕುನ, ವ್ರತ ಫಲಿಸಿದ್ದಕ್ಕೆ ದೇವಿ ಕೊಟ್ಟ ಗುರುತು ಎಂದರು. ಅಂಥದ್ದು ಸಿಕ್ಕರೆ ನದಿಗೆ ಬಿಡಬೇಕು, ನಾನೇ ಬಿಟ್ಟು ಬರುತ್ತೇನೆ ಎಂದು ತೊದಲಿದೆ. ಮನೆಗೆ ಬಂದ ದೇವಿಯನ್ನು ನದಿಗೆ ಬಿಡುತ್ತಾರೆಯೇ ಎಂದು ನನ್ನನ್ನೇ ಗದರಿಸಿ, ಮೇಲೆ ಹೋಗಿ, ದೇವರ ಗೂಡಿನಲ್ಲಿ ಬೆಳ್ಳಿ ಬಟ್ಟಲಿನಲ್ಲಿಟ್ಟು ಕುಂಕುಮ ಹಚ್ಚಿದರು. ಹೆಂಗಸರೆಲ್ಲ ಸಾಲಾಗಿ ಹೋಗಿ ನಮಸ್ಕಾರ ಮಾಡಿ ಬಂದರು. ರತ್ನಳೂ ಹೋದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಭಕ್ತಿಗೆ ಅಲ್ಲ.

ಮಾದರಿಗೆ ಮೂರಿದ್ದವಲ್ಲ, ಲೇತ್ ಅಂಗಡಿಗೆ ಓಡಿದೆ. ಅವನು ಮುಚ್ಚುವ ಹೊತ್ತಿನಲ್ಲಿ ಗೊಣಗುತ್ತಾ ಒಂದನ್ನು ತಿರುವಿ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ: ಇದು ಮೆತ್ತನೆಯ ಕಬ್ಬಿಣ. ಪೆಟ್ರೋಲು ಒಳಕ್ಕೆ ಬರುವ ಇನ್‌ಲೆಟ್ ವಾಲ್ವಿಗೆ ಹಾಕಿ, ಅದು ತಣ್ಣಗಿರುತ್ತದೆ. ಹೊಗೆ ಹೊರಕ್ಕೆ ಹೋಗುವ ಎಕ್ಸಾಸ್ಟ್ ವಾಲ್ವು ಕೆಂಡ, ಅಲ್ಲಿ ಇದು ತಡೆಯದು. ನಾ ಕಾಣದ್ದೇ ಎಂಬಂತೆ ತಲೆಯಾಡಿಸಿ ಬಂದೆ. ಮನೆಗೆ ಬಂದು ನಾಲ್ಕನ್ನೂ ಒಟ್ಟಿಗೆ ಎಣ್ಣೆಯಲ್ಲಿ ಅದ್ದಿ, ಒರೆಸಿ, ಜೋಡಿಸಿದೆ. ಜೋಡಿಸಿದ ಮೇಲೆ ನೆನಪಾಯಿತು, ನಾಲ್ಕರಲ್ಲಿ ಹೊಸದು ಯಾವುದು ಎಂದು ನೋಡಿರಲಿಲ್ಲ. ಎಣ್ಣೆಯಲ್ಲಿ ಮುಳುಗೆದ್ದರೆ ಎಲ್ಲವೂ ಒಂದೇ ಬಣ್ಣ. ಮತ್ತೆ ಬಿಚ್ಚಲು ಹೊತ್ತಿರಲಿಲ್ಲ. ಕಿಕ್ಕು ಹೊಡೆದೆ, ಹೊತ್ತಿಕೊಂಡಿತು. ಟಿಕ್ ಟಿಕ್ ಹಾಗೇ ಇತ್ತು. ಜೊತೆಗೆ ಟೊಕ್ ಎಂಬ ಹೊಸ ಸದ್ದೊಂದು ಸೇರಿಕೊಂಡಿತ್ತು.

ಬೆಳಿಗ್ಗೆ ದೊಡ್ಡ ಸ್ಟೇಷನ್ನಿನಲ್ಲಿ ಮಾವನವರು ಇಳಿದರು. ಬಿಳಿ ಪೇಟ, ಉದ್ದ ಕೋಟು, ಕೈಯಲ್ಲಿ ಕೋಲು. ಟ್ರಂಕಿನ ಜೊತೆ ರತ್ನಳನ್ನು ಟಾಂಗಾದಲ್ಲಿ ಕಳಿಸಿ, ಅವರು ಗಾಡಿಯನ್ನು ಎರಡು ಸುತ್ತು ಬಂದು ಟ್ಯಾಂಕನ್ನು ಹಸುವಿನ ಬೆನ್ನು ಸವರುವಂತೆ ಸವರಿ, ನನ್ನ ಹಿಂದೆ ಕೂತರು. ದಾರಿಯುದ್ದಕ್ಕೂ ಅದೇ ಸದ್ದು. ಟಿಕ್, ಟಿಕ್, ಟೊಕ್. ಕಾಂಕರಿಯಾದ ಹತ್ತಿರ ನಿಲ್ಲಿಸಿ ಎಂದರು. ಇಳಿಯದೆ, ಕೂತಲ್ಲೇ ಬಗ್ಗಿ ಕಿವಿಗೊಟ್ಟರು. ‘ಹೂಂ, ನಡೀರಿ ಅಳಿಯಂದಿರೇ’ ಅಂದರು. ಆ ‘ಹೂಂ’ ಸಂತೋಷದ್ದೋ, ಇನ್ನೊಂದೋ ಎಂದು ಯೋಚಿಸುತ್ತಾ ನಾನು ಒಂದು ಎಮ್ಮೆಯನ್ನು ಕೂದಲೆಳೆಯಲ್ಲಿ ತಪ್ಪಿಸಿದೆ.

ಮನೆಯ ಬಾಗಿಲಲ್ಲಿ ಸೊಸೈಟಿಯೇ ನೆರೆದಿತ್ತು. ಕಮಳಾಬೆನ್ ಆರತಿ ಎತ್ತಿದರು. ಆಮೇಲೆ, ನಾನು ಅಡ್ಡ ಬರಲು ಏನೆಲ್ಲ ಮಾಡಿದರೂ ಬಿಡದೆ, ಮಾವನವರನ್ನು ಮಹಡಿಗೆ ಕರೆದುಕೊಂಡು ಹೋಗಿ ಇಂಥ ಅಳಿಯನನ್ನು ಪಡೆದ ನೀವೇ ಧನ್ಯರು ಎಂದು ವ್ರತದ ಕಥೆಯನ್ನೆಲ್ಲ ಹೇಳಿದರು. ಬಾಳೆಹಣ್ಣು, ಹಾಲು, ಕಾಫಿ ಬಿಟ್ಟದ್ದು, ಕಾಳು ಕಾಳು ಆರಿಸಿದ್ದು. ಕಂಟ್ರಾಕ್ಟರುಗಳ ಜೊತೆ ಏಗಿ ಮಾವನವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಇದು ನನ್ನ ಕರ್ಮ. ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದ, ಜನ್ಮದಲ್ಲಿ ಇಂಥ ವ್ರತದ ಹೆಸರು ಕೇಳಿರದ ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕಮಳಾಬೆನ್ ಬೆಳ್ಳಿ ಬಟ್ಟಲನ್ನೇ ತಂದು ಅವರ ಮುಂದೆ ಹಿಡಿದರು. ಮಾವನವರು ಕನ್ನಡಕ ಹಾಕಿಕೊಂಡರು. ಕುಂಕುಮದ ನಡುವಿನಿಂದ ಅದನ್ನು ಎತ್ತಿ ಅಂಗೈಯಲ್ಲಿಟ್ಟು, ಉಗುರಿನಿಂದ ಒಮ್ಮೆ ತಿರುಗಿಸಿ ನೋಡಿದರು. ಬಾಗಿಲ ಬಳಿ ರತ್ನ ನಿಂತಿದ್ದಳು. ಮಾವನವರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಅದನ್ನು ಎರಡೂ ಕಣ್ಣಿಗೊತ್ತಿಕೊಂಡು ಬಟ್ಟಲಿನಲ್ಲಿ ವಾಪಸು ಇಟ್ಟರು. ಹೌದು ತಾಯಿ, ಇದು ಬಹಳ ಕಠಿಣವಾದ ವ್ರತ, ಒಂದು ವರ್ಷ ಮಾಡಿ ಬಿಡುವ ಹಾಗಿಲ್ಲ, ಮಾವ ಬದುಕಿರುವವರೆಗೂ ಪ್ರತಿ ಬೇಸಿಗೆಯೂ ಮಾಡಬೇಕು ಎಂದು ಶುದ್ಧ ಹಿಂದಿಯಲ್ಲಿ ಹೇಳಿದರು. ಎಲ್ಲಿಂದಲೋ ಮುಕುಂದನ ಕ್ಷೀಣವಾದ ದನಿ ‘ಹೇ ರಾಮ್’ ಎಂದಿತು.

ಊಟಕ್ಕೆ ಕೂತೆವು. ಮಾವನವರು ಹುಳಿಯನ್ನ ಮುಗಿಸುವವರೆಗೂ ತಲೆಯೆತ್ತಲಿಲ್ಲ. ಮೊಸರು ಬಡಿಸಿಕೊಂಡು, ಉಪ್ಪು ಬೆರೆಸುತ್ತಾ, ಮೆಲ್ಲಗೆ ಕೇಳಿದರು.

‘ಲೇತಿನಲ್ಲಿ ಮಾಡಿಸಿದ್ದು ಎಲ್ಲಿಗೆ ಹಾಕಿದ್ರಿ? ಇನ್‌ಲೆಟ್ಟಿಗೋ, ಎಕ್ಸಾಸ್ಟಿಗೋ?’

‘ಗೊತ್ತಿಲ್ಲ ಮಾವ’ ಎಂದೆ.

ಅವರ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ರತ್ನ ತುಪ್ಪದ ನೆಪದಲ್ಲಿ ಅಡುಗೆಮನೆಗೆ ಹೋದಳು. ‘ನಾನು ವಾಪಸು ಹೋಗೋವಾಗ ಟಾಂಗಾ ಹೇಳ್ಬಿಡಿ’ ಎಂದು ಅವರು ಊಟ ಮುಂದುವರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದ್ದಷ್ಟು ದಿನವೂ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಗ್ಯಾರೇಜಿನಲ್ಲಿ ಪಂಚೆ ಎತ್ತಿಕಟ್ಟಿ ಕೂತಿರುತ್ತಿದ್ದರು. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಪುನಃ ಕಟ್ಟಿ, ಲೇತಿನ ಕಾಟರ್ ಅನ್ನು ತಣ್ಣನೆಯ ಕಡೆಗೆ ಹಾಕಿದರು. ಟೊಕ್ ಹೋಯಿತು. ಟಿಕ್ ಹೋಗಲಿಲ್ಲ. ಅದು ಮೊದಲಿನಿಂದ ಇರೋದೇ, ಅದು ಹೋದರೆ ಗಾಡಿ ನನ್ನದು ಅನ್ನಿಸೋದಿಲ್ಲ ಎಂದು ರತ್ನಳಿಗೆ ಹೇಳಿದರಂತೆ. ನನಗೆ ಹೇಳಲಿಲ್ಲ. ನನ್ನ ಪಾಲಿನ ಮಾತನ್ನು ಅವರು ಇಟ್ಟುಕೊಂಡದ್ದು ಹೊರಡುವ ದಿನಕ್ಕೆ. ರೈಲು ಕದಲಿತು. ನಾನು ಕಿಟಕಿಯ ಪಕ್ಕ ನಡೆಯುತ್ತಾ ಬಂದೆ. ಅವರು ಸರಳುಗಳ ನಡುವಿನಿಂದ ಬಗ್ಗಿ, ಎಲ್ಲರಿಗೂ ಕೇಳುವಂತಲ್ಲ, ಮೃದುವಾಗಿಯೇ ಹೇಳಿದರು:

‘ಅಲ್ಲ ಅಳಿಯಂದಿರೇ, ಗೋಧೀಲಿ ಕಬ್ಬಿಣ ಹುಡುಕೋಕೆ ಒಂದು ಅಯಸ್ಕಾಂತ ಹಿಡಿದಿದ್ರೆ ಆಗ್ತಿತ್ತಲ್ಲ?’

ಅಯಸ್ಕಾಂತದ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಪ್ರೈಮರಿ ಶಾಲೆಯಲ್ಲಿ ಅದರ ಮೇಲೆ ಬರೆದ ಪ್ರಬಂಧಕ್ಕೆ ನನಗೆ ಮೊದಲ ಬಹುಮಾನ ಬಂದಿತ್ತು. ಮಾರನೆಯ ದಿನವೇ ಹೋಗಿ ಒಂದನ್ನು ತಂದೆ. ಕುದುರೆ ಲಾಳದ ಆಕಾರದ್ದು, ಒಳ್ಳೆಯ ಸೆಳೆತ ಇದೆ. ಉಪಯೋಗಕ್ಕೆ ಮಾತ್ರ ಬಂದಿಲ್ಲ. ವ್ರತವನ್ನು ಕೈಯಾರೆಯೇ ಮಾಡಬೇಕೆಂದು ಸೊಸೈಟಿಯ ಹೆಂಗಸರ ನಿಷ್ಕರ್ಷೆ, ಅದೂ ಅಲ್ಲದೆ ಈಗ ಗೋಧಿಯಲ್ಲಿ ಹುಡುಕುವುದಕ್ಕೆ ಏನೂ ಇಲ್ಲ. ವಡೋದರಾಕ್ಕೆ ವರ್ಗವಾದಾಗ ಬಚಾವಾದೆ ಎಂದುಕೊಂಡಿದ್ದೆ. ನಾವು ಸಾಮಾನು ಇಳಿಸುವ ಮೊದಲೇ ಪಕ್ಕದ ಮನೆಯಾಕೆ ಬಂದು, ತಾನು ಕಮಳಾಬೆನ್ ಅವರ ಚಿಕ್ಕಮ್ಮನ ಮಗಳು ಎಂದು ಪರಿಚಯ ಹೇಳಿ, ಗೋಧಿ ಯಾವಾಗ ತರಿಸಲಿ ಎಂದು ಕೇಳಿದಳು. ಈ ಬೇಸಿಗೆಯಲ್ಲೂ ಕಾಫಿ ಬಿಟ್ಟು, ತಿಲಕ ಇಡಿಸಿಕೊಂಡು, ಬೇರೆಯವರ ಗೋಧಿಯನ್ನು ಕಾಳು ಕಾಳು ಆರಿಸಿ ಎದ್ದಿದ್ದೇನೆ. ಮಾವನವರಿಗೆ ಈಗ ಮಂಡಿನೋವು ಕೂಡ ವಾಸಿಯಾಗಿದೆಯಂತೆ. ಬೆಳಿಗ್ಗೆ ನಾಲೆಯ ಏರಿಯ ಮೇಲೆ ಬಿರಬಿರನೆ ನಡೆಯುತ್ತಾರಂತೆ. ಅವರ ತಂದೆ ತೊಂಬತ್ತು ದಾಟಿ ಬದುಕಿದ್ದವರು ಎಂದು ರತ್ನ ಮೊನ್ನೆ ನೆನಪು ಮಾಡಿದಳು.